ಎಲ್‌ಎಂಸಿ 567 ಅಂತ ಬಂದ ಹತ್ತು ಚಿಪ್ಪು, ಬಾರಿಸದೇ ಹೋದ ಬಜರ್

ಆನ್‌ಲೈನ್‌ನಲ್ಲಿ ಎಲ್‌ಎಂಸಿ 567 ಟೋನ್ ಡಿಕೋಡರ್ (ಗೊತ್ತುಮಾಡಿದ ಒಂದು ಸ್ವರವನ್ನು ಮಾತ್ರ ಗುರುತಿಸುವ) ಚಿಪ್ಪು ಒಂದಕ್ಕೆ 38 ರೂಪಾಯಿ ಅಂತ ಕಂಡರೆ ಆಸೆ ಆಗುತ್ತದೆ. ನನಗೂ ಆಯಿತು. ಹತ್ತು ತರಿಸಿದೆ. ಮುಂದಿನ ಕಥೆ ಇಲ್ಲಿದೆ. ಟೋನ್ ಹಿಡಿಯುವ ಸರ್ಕ್ಯೂಟ್ ಕಟ್ಟುವವರು, ಅದೂ ಬ್ಯಾಟರಿ ಮೇಲೆ ನಡೆಸುವವರು, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಬೆಳಗಾವಿಯಲ್ಲಿ. ಹೊಟ್ಟೆಪಾಡಿಗೆ ಮಿಕ್ಸರ್, ಇನ್ವರ್ಟರ್, ಆಂಪ್ಲಿಫೈಯರ್ ರಿಪೇರಿ. ಹುಚ್ಚಿಗೆ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕೆ ರೇಡಿಯೋ ಸೆಟ್ಟಿನಲ್ಲಿ ಮಾತಾಡುವುದು. ಲೈಸೆನ್ಸ್ ಇದೆ, ಮನೆ ಮೇಲೆ ಆಂಟೆನಾ ಇದೆ. 144ರಿಂದ 146 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಸಂಜೆ ಹೊತ್ತು ನಾಲ್ಕಾರು ಜನ ಮಾತಾಡುತ್ತೇವೆ. ಅವರಲ್ಲಿ ಒಬ್ಬರು ಖಾನಾಪುರ ತಾಲೂಕಿನ ಹಳ್ಳಿಯಲ್ಲಿರುವ ನಿವೃತ್ತ ಮಾಸ್ತರರು. ನಾವೆಲ್ಲ ಅವರನ್ನು ‘ಸರ್’ ಅಂತಲೇ ಕರೆಯುವುದು. ಮನೆಯಲ್ಲಿ ಅವರು ಮತ್ತು ಅವರ ಹೆಂಡತಿ ಇಬ್ಬರೇ. ಖಾನಾಪುರದ ಮಳೆ ನಿಮಗೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ. ಕರೆಂಟ್ ಹೋದರೆ ಎರಡು ದಿನ, ಅದರ ಹಿಂದೆಯೇ ಮೊಬೈಲ್ ಟವರೂ ಮಲಗುತ್ತದೆ. 2019ರ ಆಗಸ್ಟ್ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆ ಎರಡೂ ಜಿಲ್ಲೆ ಮುಳುಗಿದ್ದನ್ನು ನೋಡಿದ ಮೇಲೆ, ಮಳೆಗಾಲ ಪೂರ್ತಿ ರಾತ್ರಿ ಕೂಡ ಒಬ್ಬರಿಗೊಬ್ಬರು ಸಿಗುವ ಹಾಗಿರಬೇಕು ಅಂತ ನಾವು ಮಾತಾಡಿಕೊಂಡಿದ್ದೆವು.

ಹಾಗಂತ ರಾತ್ರಿಯಿಡೀ ಸೆಟ್ ಹಚ್ಚಿಟ್ಟುಕೊಂಡು ಮಲಗಲು ಆಗುತ್ತದೆಯೇ? ದೂರದವರ ಮಾತು, ನಡುನಡುವೆ ಗೊರಗೊರ. ನಮ್ಮ ಮನೆಯವಳು ಮೂರನೇ ದಿನಕ್ಕೇ ಹೇಳಿದಳು: ‘ಆ ಡಬ್ಬಿ ಬಂದ್ ಮಾಡ್ರಿ, ಇಲ್ಲಂದ್ರ ಅದನ್ನ ತಗೊಂಡು ಪಡಸಾಲ್ಯಾಗ ಮಲಕೋರಿ.’

ಇದಕ್ಕೆ ಹಳೇ ಉಪಾಯ ಒಂದಿದೆ. ಹ್ಯಾಂಡ್‌ಸೆಟ್‌ಗಳಲ್ಲಿ 1750 ಹರ್ಟ್ಸ್ ಟೋನ್ ಕಳಿಸುವ ಸೌಲಭ್ಯ ಇರುತ್ತದೆ, ಒತ್ತಿದರೆ ಸೀಟಿ ಹೊಡೆದ ಹಾಗೆ ಹೋಗುತ್ತದೆ. ಈ ಕಡೆ ಆ ಸೀಟಿಯನ್ನು ಮಾತ್ರ ಗುರುತಿಸುವ ಸಣ್ಣ ಬಾಕ್ಸನ್ನು ಸೆಟ್ಟಿನ ಇಯರ್‌ಫೋನ್ ತೂತಿಗೆ ಚುಚ್ಚಿಟ್ಟರೆ ಸಾಕು. ಉಳಿದ ಮಾತೆಲ್ಲ ಅದಕ್ಕೆ ಕೇಳಿಸಿಯೂ ಕೇಳಿಸದ ಹಾಗೆ. ಸೀಟಿ ಬಂದರೆ ಮಾತ್ರ ಬಜರ್ ಬಾರಿಸುತ್ತದೆ. ನಂಬರು ತೋರಿಸುವ ಪೇಜರ್ ಬರುವ ಮೊದಲಿನ ಪೇಜರ್‌ಗಳೂ ಹೀಗೇ, ತಮ್ಮ ಟೋನ್ ಕೇಳಿದಾಗ ಮಾತ್ರ ಎಚ್ಚರಾಗುತ್ತಿದ್ದವು.

ಈ ಕೆಲಸಕ್ಕೆ 567 ಅನ್ನೋದು ಎಲ್ಲರ ಕೈಯಲ್ಲಿ ಓಡಾಡಿದ ಎಂಟು ಕಾಲಿನ ಚಿಪ್ಪು. ಆದರೆ ಹಳೇ ಎಲ್‌ಎಂ 567ಕ್ಕೆ ಹೊಟ್ಟೆ ದೊಡ್ಡದು. ಸುಮ್ನೆ ಕೂತಾಗಲೂ 5 ವೋಲ್ಟಿನಲ್ಲಿ 7 ಮಿಲಿ ಆಂಪ್ ಹತ್ತಿರ ತಿನ್ನುತ್ತದೆ. ಮೇಲಾಗಿ 4.75 ವೋಲ್ಟಿಗಿಂತ ಕೆಳಗೆ ಅದು ಕೆಲಸ ಮಾಡುತ್ತದೆ ಅಂತ ಡೇಟಾಶೀಟ್ (ಚಿಪ್ಪಿನ ಕಂಪನಿ ಕೊಡುವ ವಿವರಪಟ್ಟಿ) ಭರವಸೆ ಕೊಡುವುದಿಲ್ಲ. ಎಲ್‌ಎಂಸಿ 567 ಅದರ ಸಿಮಾಸ್ ತಮ್ಮ, ಅಂದರೆ ಕಡಿಮೆ ಕರೆಂಟ್ ತಿನ್ನುವ ಜಾತಿ. 5 ವೋಲ್ಟಿನಲ್ಲಿ ಅರ್ಧ ಮಿಲಿ ಆಂಪ್ ಸಾಕು, 2 ವೋಲ್ಟಿನ ತನಕ ನಡೆಯುತ್ತದೆ. ಮೂರು ಪೆನ್ಸಿಲ್ ಸೆಲ್ ಹಾಕಿ ಮಳೆಗಾಲ ಪೂರ್ತಿ ಮರೆತುಬಿಡಬಹುದು ಅನ್ನೋದು ನನ್ನ ಲೆಕ್ಕ. ರೇಡಿಯೋದ 12 ವೋಲ್ಟ್ ಬ್ಯಾಟರಿಯಿಂದಲೇ ಯಾಕೆ ಕೊಡಲಿಲ್ಲ ಅಂತ ಕೇಳಬಹುದು. ಅದಕ್ಕೆ 12ನ್ನು 5 ವೋಲ್ಟಿಗೆ ಇಳಿಸುವ 7805 ಚಿಪ್ಪು ಹಾಕಬೇಕು, ಆ 7805 ತಾನೇ 5 ಮಿಲಿ ಆಂಪ್ ಹತ್ತಿರ ಕುಡಿಯುತ್ತದೆ. ಅದೂ ಅಲ್ಲದೆ ಬಾಕ್ಸನ್ನು ಯಾವ ಸೆಟ್ಟಿಗೆ ಬೇಕಾದರೂ ಚುಚ್ಚುವ ಹಾಗಿರಲಿ ಅಂತ ನನ್ನ ಹಟ.

ಪಾರ್ಸೆಲ್ ಬಂತು. ಹತ್ತೂ ಚಿಪ್ಪಿನ ಮೇಲೆ ಎಲ್‌ಎಂಸಿ 567 ಅಂತ ಬೆಳ್ಳಗೆ, ಚೊಕ್ಕಾಗಿ ಬರೆದಿತ್ತು. ಕಾಲುಗಳು ಫಳಫಳ. ಅಷ್ಟೊಂದು ಫಳಫಳ ಯಾಕೆ ಅಂತ ಆಗ ತಲೆಗೆ ಹೊಳೆಯಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ, ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಎರಡೂ ಚಿಪ್ಪುಗಳ ಕಾಲುಗಳ ಜೋಡಣೆ ಒಂದೇ, ಆದರೆ ಟೋನ್ ಲೆಕ್ಕ ಬೇರೆ. ಹಳೇ 567ರಲ್ಲಿ ಒಳಗಿನ ಆಸಿಲೇಟರ್ (ತಾನೇ ಸ್ವರ ಹುಟ್ಟಿಸುವ ಭಾಗ) ಟೋನ್ ಎಷ್ಟೋ ಅಷ್ಟಕ್ಕೇ ಓಡುತ್ತದೆ. ರೆಸಿಸ್ಟರನ್ನೂ ಕೆಪ್ಯಾಸಿಟರನ್ನೂ ಗುಣಿಸಿ, 1.1ರಿಂದ ಗುಣಿಸಿ, ಅದರಿಂದ ಒಂದನ್ನು ಭಾಗಿಸಿದರೆ ಟೋನ್ ಸಿಗುತ್ತದೆ. ಎಲ್‌ಎಂಸಿಯಲ್ಲಿ ಆಸಿಲೇಟರ್ ಟೋನಿನ ಎರಡರಷ್ಟು ಓಡುತ್ತದೆ, ಅಲ್ಲಿ 1.1ರ ಜಾಗದಲ್ಲಿ 2.8. ನಾನು ಹಾಕಿದ್ದು 103 ಅಂತ ಬರೆದಿರುವ 0.01 ಮೈಕ್ರೋ ಫ್ಯಾರಡ್ ಕೆಪ್ಯಾಸಿಟರ್. ಅದಕ್ಕೆ 1750 ಹರ್ಟ್ಸ್ ಹಿಡಿಯಲು ಎಲ್‌ಎಂಸಿಗೆ 20 ಕಿಲೋ ಓಮ್ ಚಿಲ್ಲರೆ ಬೇಕು. ಹಾಗಾಗಿ 10 ಕಿಲೋ ಓಮ್ ರೆಸಿಸ್ಟರ್, ಅದರ ಜೊತೆ 50 ಕಿಲೋ ಓಮ್ ಪ್ರೀಸೆಟ್, ಅಂದರೆ ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್. ಲೆಕ್ಕದ ಪ್ರಕಾರ ಪ್ರೀಸೆಟ್ ಶುರುವಿನಲ್ಲೇ, ಹತ್ತರ ಹತ್ತಿರ ನಿಲ್ಲಬೇಕು.

ಟೋನ್ ಕೊಟ್ಟು ಸ್ಕ್ರೂಡ್ರೈವರ್ ತಿರುಗಿಸಿದೆ. ಹತ್ತಕ್ಕೆ ಇಲ್ಲ. ಇಪ್ಪತ್ತಕ್ಕೂ ಇಲ್ಲ. ತಿರುಗಿಸುತ್ತಾ ಹೋಗಿ ಆ ಕಡೆಯ ತುದಿ ಇನ್ನೇನು ಬಂತು ಅನ್ನುವಾಗ ಬಜರ್ ಬಾರಿಸಿತು. ಕೆಪ್ಯಾಸಿಟರ್ ಹೆಚ್ಚು ಕಡಿಮೆ ಇರಬೇಕು ಅಂದುಕೊಂಡೆ. ಎರಡನೇ ಬಾಕ್ಸಿನಲ್ಲೂ ಅದೇ ಜಾಗ. ಆಗಲೂ ಅದನ್ನೇ ಅಂದುಕೊಂಡೆ! ರೆಸಿಸ್ಟರ್, ಪ್ರೀಸೆಟ್ ಸೇರಿ 52 ಕಿಲೋ ಓಮ್ ಬಂದರೆ ಒಳಗಿರುವುದು ಹಳೇ 567 ಅಂತ ಲೆಕ್ಕವೇ ಕೂಗಿ ಹೇಳುತ್ತಿತ್ತು. ಮೂವತ್ತು ವರ್ಷ ಬೆಸುಗೆ ಹಾಕಿದ ಕೈ, ಬಜರ್ ಬಾರಿಸಿದ ಖುಷಿಗೆ ಪ್ರೀಸೆಟ್ಟಿನ ಮೇಲೆ ನೇಲ್ ಪಾಲಿಶ್ ಹಚ್ಚಿ ಸೀಲ್ ಮಾಡಿಬಿಟ್ಟಿತು.

ಒಂದು ಬಾಕ್ಸ್ ನನ್ನ ತಲೆದಿಂಬಿನ ಹತ್ತಿರ, ಇನ್ನೊಂದು ಸರ್ ಮನೆಗೆ. ಮೊದಲ ಮೂರು ದಿನ ರಾತ್ರಿ ಒಂಬತ್ತಕ್ಕೆ ಪರೀಕ್ಷೆ ಮಾಡಿದೆವು, ಚೆನ್ನಾಗಿತ್ತು. ಆಮೇಲೆ ಬಿಟ್ಟೆವು.

ಎಂಟನೇ ರಾತ್ರಿ ಭಾರಿ ಮಳೆ. ಬೆಳಗ್ಗೆ ಎದ್ದು ಸೆಟ್ಟಿನಿಂದ ಬಾಕ್ಸಿನ ಪಿನ್ ಕಿತ್ತಾಗ ಸ್ಪೀಕರಿನಲ್ಲಿ ಸರ್ ಧ್ವನಿ. ‘ತಮ್ಮಾ, ರಾತ್ರಿ ಅರ್ಧ ತಾಸು ಸೀಟಿ ಒತ್ತೀನಿ. ಭಾಳ ನಿದ್ದಿ ಹತ್ತಿತ್ತೇನಪಾ?’

ರಾತ್ರಿ ಎರಡರ ಹೊತ್ತಿಗೆ ಅವರ ಹೆಂಡತಿಗೆ ಉಬ್ಬಸ ಜಾಸ್ತಿ ಆಗಿದೆ. ಫೋನ್ ಇಲ್ಲ. ನನ್ನನ್ನು ಎಬ್ಬಿಸಿದರೆ ನಾನು ಇಲ್ಲಿಂದ 108ಕ್ಕೆ ಫೋನ್ ಮಾಡುತ್ತೇನೆ ಅನ್ನೋದೇ ನಮ್ಮ ಮೊದಲಿನ ಮಾತು. ಸೀಟಿ ಒತ್ತಿ ಒತ್ತಿ ಸಾಕಾಗಿ, ಕೊನೆಗೆ ಆ ಮಳೆಯಲ್ಲೇ ಪಕ್ಕದ ಓಣಿಗೆ ಹೋಗಿ ಜೀಪಿನವರನ್ನು ಎಬ್ಬಿಸಿ ಖಾನಾಪುರಕ್ಕೆ ಕರೆದೊಯ್ದಿದ್ದಾರೆ. ಈಗ ಅಮ್ಮ ಆರಾಮಾಗಿದ್ದಾರೆ. ಸರ್ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಾಕ್ಸ್ ಬಿಚ್ಚಿ ಸೆಲ್ ಅಳೆದೆ. ಮೂರೂ ಸೇರಿ 3.9 ವೋಲ್ಟ್. ಸತ್ತ ಸೆಲ್ ಅಲ್ಲ ಅದು, ಗೋಡೆ ಗಡಿಯಾರಕ್ಕೆ ಹಾಕಿದರೆ ಇನ್ನೂ ತಿಂಗಳುಗಟ್ಟಲೆ ಓಡುತ್ತಿತ್ತು. ನಿಜವಾದ ಎಲ್‌ಎಂಸಿಗೆ 3.9 ಅಂದರೆ ಹಬ್ಬದ ಊಟ. ಸರ್ಕ್ಯೂಟಿನ ಸಪ್ಲೈ ತಂತಿಗೆ ಮೀಟರ್ ಹಚ್ಚಿ, ಬೆಂಚ್ ಸಪ್ಲೈಯಿಂದ 5 ವೋಲ್ಟ್ ಕೊಟ್ಟೆ: 6.8 ಮಿಲಿ ಆಂಪ್. ಮೀಟರ್ ಕೆಟ್ಟಿದೆ ಅಂತ ಇನ್ನೊಂದು ಮೀಟರ್ ತಂದೆ: 6.9. ವೋಲ್ಟೇಜ್ ಇಳಿಸುತ್ತಾ ಬಂದರೆ 4ರ ಹತ್ತಿರ ಬಂದಾಗ ಟೋನ್ ಬಿಟ್ಟೇಬಿಟ್ಟಿತು.

ಆಮೇಲೆ ಮನೆಯವಳ ನೇಲ್ ಪಾಲಿಶ್ ರಿಮೂವರ್ ಬಾಟಲಿ ಕೇಳಿದೆ. ಅದರ ಮೇಲೆ ಅಸಿಟೋನ್ ಅಂತ ಬರೆದಿತ್ತು, ಈಗ ಅಸಿಟೋನ್ ಇಲ್ಲದ್ದೂ ಬರುತ್ತವೆ, ಅವು ನಡೆಯುವುದಿಲ್ಲ. ಉಪಯೋಗಿಸದ ಚಿಪ್ಪೊಂದನ್ನು ಬೆರಳಲ್ಲಿ ಹಿಡಿದು, ಹತ್ತಿ ಒದ್ದೆ ಮಾಡಿ ಉಜ್ಜಿದೆ. ಐದಾರು ಸಲಕ್ಕೆ ಹತ್ತಿ ಕಾಡಿಗೆಯಂತೆ ಕಪ್ಪಾಯಿತು. ಬಿಳಿ ಅಕ್ಷರ ಹೋಯಿತು, ಅದರ ಜೊತೆ ಮೇಲಿನ ಕಪ್ಪು ಬಣ್ಣವೂ ಹೋಯಿತು. ಕೆಳಗೆ ಪಾಲಿಶ್ ಪೇಪರಿನಲ್ಲಿ ತಿಕ್ಕಿದ ಗೀರುಗಳು, ಒಂದೇ ದಿಕ್ಕಿಗೆ, ಸಾಲಾಗಿ. ಒಂದನೇ ಕಾಲಿನ ಗುರುತಿಗೆ ಇರುವ ಸಣ್ಣ ಗುಳಿಯಲ್ಲಿ ಪೇಂಟ್ ತುಂಬಿಕೊಂಡಿತ್ತು. ಲೆನ್ಸ್ ಹಚ್ಚಿ ನೋಡಿದರೆ ಕಾಲಿನ ಭುಜದ ಹತ್ತಿರ ಹಳೇ ಬೆಸುಗೆಯ ಒಂದು ಹನಿ. ಗುಜರಿ ಬೋರ್ಡಿನಿಂದ ಕಿತ್ತು, ತಿಕ್ಕಿ, ಬಣ್ಣ ಹೊಡೆದು, ಕಾಲಿಗೆ ತವರ ಬಳಿದು, ಹೊಸ ಹೆಸರು ಇಟ್ಟಿದ್ದಾರೆ. ಫಳಫಳ ಅದಕ್ಕೇ.

ಮಾರಿದವರಿಗೆ ಫೋಟೋ, ಮೀಟರಿನ ವಿಡಿಯೋ ಎಲ್ಲ ಕಳಿಸಿದೆ. ‘ಮಾಲ್ ಒರಿಜಿನಲ್, ವಾಪಸ್ ಅವಧಿ ಮುಗಿದಿದೆ’ ಅಂತ ಎರಡು ಸಾಲು ಬಂತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ನೂರು ರೂಪಾಯಿ ಕೂಪನ್ ಕೊಡುತ್ತೇವೆ ಅಂದರು. ಅದೇ ಅಂಗಡಿಯಲ್ಲಿ ಇನ್ನೇನು ಕೊಳ್ಳಲಿ ನಾನು? ನ್ಯಾಯಕ್ಕೆ ಒಂದು ಮಾತು ಸೇರಿಸುತ್ತೇನೆ. ಅದೇ ಪಾರ್ಸೆಲ್ಲಿನಲ್ಲಿ ಬಂದ 8870 ಡಿಟಿಎಂಎಫ್ ಡಿಕೋಡರ್‌ಗಳು (ಫೋನ್ ಬಟನ್ನಿನ ಸದ್ದು ಗುರುತಿಸುವ ಚಿಪ್ಪುಗಳು) ಸರಿಯಾಗಿದ್ದವು, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಒಂದರಲ್ಲಿ ಈಗಲೂ ಓಡುತ್ತಿವೆ. ಹಾಗಾಗಿ ಒಂದು ಮಾಲು ಚೆನ್ನಾಗಿ ಬಂತು ಅಂತ ಇನ್ನೊಂದನ್ನು ನಂಬುವ ಹಾಗಿಲ್ಲ.

ನೀವು ಎಲ್‌ಎಂಸಿ ತರಿಸಿದರೆ ವಾಪಸ್ ಅವಧಿ ಮುಗಿಯುವ ಮೊದಲೇ ಒಂದನ್ನು ಬ್ರೆಡ್‌ಬೋರ್ಡಿಗೆ (ಬೆಸುಗೆ ಇಲ್ಲದೆ ಚುಚ್ಚಿ ಜೋಡಿಸುವ ಹಲಗೆ) ಹಾಕಿ. ನಾಲ್ಕನೇ ಕಾಲಿಗೆ 5 ವೋಲ್ಟ್, ಏಳನೇ ಕಾಲು ಗ್ರೌಂಡ್. ಟೈಮಿಂಗ್ ರೆಸಿಸ್ಟರ್ ದೊಡ್ಡದೇ ಇರಲಿ, ನನ್ನ ಹಾಗೆ 20 ಕಿಲೋ ಓಮ್ ಮತ್ತು 103 ಆದರೆ ಸರಿ. ಕರೆಂಟ್ ಒಂದು ಮಿಲಿ ಆಂಪಿನ ಆಸುಪಾಸು ಅಥವಾ ಕಡಿಮೆ ಇರಬೇಕು. ಆರೇಳು ತೋರಿಸಿದರೆ ಅಲ್ಲಿಗೇ ನಿಲ್ಲಿಸಿ, ಪ್ಯಾಕ್ ಮಾಡಿ ವಾಪಸ್ ಕಳಿಸಿ. ಮೀಟರಿನಲ್ಲಿ ಹರ್ಟ್ಸ್ ಅಳೆಯುವ ಸೌಲಭ್ಯ ಇದ್ದರೆ ಇನ್ನೂ ಸುಲಭ: ಟೋನ್ ಹೊಂದಿಸಿದ ಮೇಲೆ ಐದನೇ ಕಾಲಿನಲ್ಲಿ ಅಳೆಯಿರಿ. ಅಸಲಿ ಎಲ್‌ಎಂಸಿ ಟೋನಿನ ಎರಡರಷ್ಟು, ನನ್ನ ಲೆಕ್ಕಕ್ಕೆ 3500 ತೋರಿಸಬೇಕು. 1750 ಬಂದರೆ ಅದು ಬಣ್ಣ ಹೊಡೆಸಿಕೊಂಡ ಅಣ್ಣ. ಅಸಿಟೋನ್ ಪರೀಕ್ಷೆ ಕೊನೆಗೆ ಮಾಡಿ, ಉಜ್ಜಿದ ಚಿಪ್ಪನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲ.

ಚಿಪ್ಪಿನ ಮೋಸ ಒಂದಾದರೆ, ನನ್ನ ಡಿಸೈನಿನಲ್ಲೇ ಇದ್ದ ತಪ್ಪು ಇನ್ನೊಂದು. ಇಯರ್‌ಫೋನ್ ಪಿನ್ ಚುಚ್ಚಿದ ಕೂಡಲೇ ಸೆಟ್ಟಿನ ಸ್ಪೀಕರ್ ಬಂದ್ ಆಗುತ್ತದೆ. ಅಂದರೆ ಬಾಕ್ಸ್ ಸತ್ತರೆ ರೇಡಿಯೋನೂ ಕಿವುಡು. ಸತ್ತದ್ದು ಗೊತ್ತಾಗಲು ಒಂದು ಎಲ್‌ಇಡಿ ಕೂಡ ನಾನು ಇಟ್ಟಿರಲಿಲ್ಲ. ಕರೆಂಟ್ ಉಳಿಸುವ ಜಿಪುಣತನ, ಬೇರೇನಲ್ಲ.

ಈಗ ಅಧಿಕೃತ ಡೀಲರ್ ಕಡೆಯಿಂದ ಬಿಲ್ ಸಮೇತ ಎರಡು ತರಿಸಿದ್ದೇನೆ. ಸಣ್ಣ ಮಾದರಿ, ಬೋರ್ಡಿನ ಮೇಲೆ ಅಂಟುವಂಥದ್ದು, ಅಡಾಪ್ಟರ್ ಹಾಕಿ ಕೂರಿಸಬೇಕಾಯಿತು. ಸಾಗಣೆ ವೆಚ್ಚ ಚಿಪ್ಪಿಗಿಂತ ಜಾಸ್ತಿ. ಪ್ರೀಸೆಟ್ ಶುರುವಿನಲ್ಲೇ ನಿಂತಿತು, ಲೆಕ್ಕ ಹೇಳಿದ ಜಾಗದಲ್ಲೇ. ಬಾಕ್ಸಿಗೆ ಒಂದು ಬಟನ್ ಹಚ್ಚಿದ್ದೇನೆ, ಒತ್ತಿದರೆ ಸೆಲ್ ಹೇಗಿದೆ ಅಂತ ಎಲ್‌ಇಡಿ ತೋರಿಸುತ್ತದೆ. ರಾತ್ರಿ ಒಂಬತ್ತಕ್ಕೆ ಸರ್ ತಪ್ಪದೆ ಒಂದು ಸೀಟಿ ಒತ್ತುತ್ತಾರೆ. ನಾನು ಅಂಗಡಿಯಿಂದ ಬಂದಿರದಿದ್ದರೆ ಮನೆಯವಳೇ ಸೆಟ್ ಪಕ್ಕದ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾಳೆ.

ಉಳಿದ ಏಳು ಚಿಪ್ಪು ಎಸೆಯಲು ಮನಸ್ಸಾಗಲಿಲ್ಲ. ಕೆಟ್ಟವೇನಲ್ಲ, ಹೆಸರು ಸುಳ್ಳು ಅಷ್ಟೇ. ಏಳರ ಮೇಲೂ ಸೂಜಿಯಿಂದ ಎಲ್‌ಎಂಸಿಯ ಕೊನೆಯ ‘ಸಿ’ ಕೆರೆದು ತೆಗೆದು ಡಬ್ಬಿಗೆ ಹಾಕಿದ್ದೇನೆ.