ಹಾಲ್ ಮಧ್ಯದ ಜಿಪ್ಸಂ ಗೋಡೆ: ಮೂರು ವರ್ಷ ಬಳಸಿದ ಮೇಲೆ

ಚದರಡಿಗೆ 135 ರೂಪಾಯಿ. ಮೂರು ವರ್ಷದ ಹಿಂದೆ ಕೈಗೆ ಬಂದ ಕೊಟೇಷನ್‌ನಲ್ಲಿ ಇದ್ದದ್ದು ಈ ಒಂದೇ ಸಾಲು. ನಮ್ಮ ಹಾಲ್ ಅಡ್ಡಕ್ಕೆ 11 ಅಡಿ, ಎತ್ತರ ಒಂಬತ್ತೂವರೆ. ಗುಣಿಸಿದರೆ ಹತ್ತಿರ ಹತ್ತಿರ 105 ಚದರಡಿ. ಅಂದರೆ 14,175 ರೂಪಾಯಿ. ಅಷ್ಟೇನಾ ಅಂತ ಖುಷಿಯಾಯಿತು. ಕೆಲಸ ಮುಗಿದಾಗ ಕೈಬಿಟ್ಟು ಹೋಗಿದ್ದು 35,220.

ಯಾರೋ ಮೋಸ ಮಾಡಿದರು ಅಂತ ಹೇಳುತ್ತಿಲ್ಲ. ನಾನು ಕೇಳಬೇಕಾದ್ದನ್ನು ಕೇಳಲಿಲ್ಲ, ಅವರು ಹೇಳಬೇಕಾದ್ದನ್ನು ಹೇಳಲಿಲ್ಲ. ಅಷ್ಟೇ.

ಗೋಡೆ ಬೇಕಾಗಿದ್ದು ಮಾವನಿಗೆ. ಅತ್ತೆ ಹೋದಮೇಲೆ ತಿಪಟೂರಿನ ಮನೆಯಲ್ಲಿ ಅವರೊಬ್ಬರೇ ಇದ್ದರು. ಬನಶಂಕರಿಯ ನಮ್ಮ ಫ್ಲ್ಯಾಟ್ ಇರುವುದು ಎರಡೇ ಕೋಣೆಯದು. ಹಾಲ್ ಮಾತ್ರ ಉದ್ದವಾಗಿತ್ತು. ಅದನ್ನೇ ಅಡ್ಡ ಕಡಿದು ಒಂದು ಕೋಣೆ ಮಾಡೋಣ ಅಂದುಕೊಂಡೆವು. ಕೆಳಗೆ ತೊಲೆ ಇಲ್ಲದ ಜಾಗದಲ್ಲಿ ಬ್ಲಾಕ್ ಗೋಡೆಯ ಭಾರ ಬೇಡ ಅಂತ ಎಂಜಿನಿಯರ್ ಹೇಳಿದರು. ಪ್ಲಾಸ್ಟರ್, ಕ್ಯೂರಿಂಗ್ ನೀರು, ಕೆಳಗಿನ ಮನೆಯವರ ಜೊತೆ ಜಗಳ ಯಾವುದೂ ಬೇಡವಾಗಿತ್ತು. ಹಾಗಾಗಿ ಜಿಪ್ಸಂ: ತಗಡಿನ ಕಂಬಿಗಳ ಎರಡೂ ಬದಿಗೆ ಜಿಪ್ಸಂ ಬೋರ್ಡ್ ಸ್ಕ್ರೂ ಮಾಡಿ ನಿಲ್ಲಿಸುವ ಹಗುರ ಗೋಡೆ.

ಲೆಕ್ಕ ಎಲ್ಲಿ ತಪ್ಪಿತು ಅಂದರೆ, 135 ಅನ್ನುವುದು ಗೋಡೆಯ ಎರಡೂ ಮುಖ ಸೇರಿ, ಒಳಗಿನ ಚಾನಲ್ (ಅದೇ ತಗಡಿನ ಕಂಬಿ), ಸ್ಕ್ರೂ, ಕೂಲಿ ಸೇರಿ. ಅಲ್ಲಿಗೆ ನಿಂತಿತು. (ಕೆಲವರು ಒಂದು ಮುಖಕ್ಕೆ ರೇಟ್ ಹೇಳಿ ಆಮೇಲೆ ಎರಡರಿಂದ ಗುಣಿಸುತ್ತಾರೆ. ಮೊದಲೇ ಕೇಳಿಬಿಡಿ.) ಬಾಗಿಲಿನ 21 ಚದರಡಿ ಕಳೆಯಿರಿ ಅಂದೆ. "ಓಪನಿಂಗ್ ಕಳೆಯಲ್ಲ ಮೇಡಂ, ಅಲ್ಲೇ ಕೆಲಸ ಜಾಸ್ತಿ" ಅಂದರು. ಬಾಗಿಲಿನ ಪಕ್ಕ ಎರಡು ಕಂಬಿ ಹೆಚ್ಚು ಬೀಳುತ್ತೆ, ಒಪ್ಪಿಕೊಂಡೆ. ಆಮೇಲೆ ಒಂದೊಂದಾಗಿ ಬಂದವು: ಸದ್ದು ತಡೆಯಲು ಒಳಗೆ ತುಂಬುವ ಗ್ಲಾಸ್‌ವೂಲ್‌ಗೆ 2,625, ಚೌಕಟ್ಟು ಸೇರಿ ಫ್ಲಶ್ ಡೋರ್ 9,500, ಒಂದು ಸ್ವಿಚ್‌ಬೋರ್ಡ್ ಎಳೆಸಲು 2,800. ಪುಟ್ಟಿ, ಪ್ರೈಮರ್, ಪೇಂಟ್ 4,620. ಇದು ನನಗೆ ಶಾಕ್. ಗೋಡೆ 105 ಚದರಡಿ ಆದರೂ ಬಣ್ಣಕ್ಕೆ ಎರಡು ಮುಖ, 210 ಚದರಡಿ! ಮೇಲಕ್ಕೆ ಹೊರುವ ಕೂಲಿ, ಚೂರು ಸಾಗಿಸುವುದು 1,500.

ಇಷ್ಟರಲ್ಲಿ ಬೋರ್ಡಿನ ದುಡ್ಡು ಎಷ್ಟು ಅಂತ ನೋಡಿದರೆ ನಗು ಬರುತ್ತೆ. ಎಲ್ಲಕ್ಕಿಂತ ಕಡಿಮೆ ತಲೆನೋವು ಅದರದ್ದೇ. ತಲೆನೋವು ಇರುವುದು ಬೋರ್ಡ್ ಬೋರ್ಡ್ ಸೇರುವ ಜಾಗದಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಮುಖ ಸೇರಿ ಬಾಗಿಲು ಕಳೆದರೆ 167 ಚದರಡಿ. 6 ಅಡಿಗೆ 4 ಅಡಿಯ ಬೋರ್ಡ್ ಅಂದರೆ 24 ಚದರಡಿ. ಭಾಗಿಸಿದರೆ ಏಳು ಬೋರ್ಡ್ ಸಾಕು ಅನ್ನುತ್ತೆ ಮೊಬೈಲು. ಆದರೆ ಗೋಡೆ ಒಂಬತ್ತೂವರೆ ಅಡಿ. ಆರು ಅಡಿಯ ಮೇಲೆ ಇನ್ನೂ ಮೂರೂವರೆ ಅಡಿ ತುಂಡು ಬೇಕು. ಒಂದು ಬೋರ್ಡ್ ಕಡಿದರೆ ಅಂಥ ತುಂಡು ಒಂದೇ ಬರುತ್ತೆ, ಎರಡೂವರೆ ಅಡಿ ಉಳಿಯುತ್ತೆ. ಆ ಉಳಿದದ್ದನ್ನು ಬಾಗಿಲಿನ ಮೇಲೆ ಕೂರಿಸಿ, ಎಂಟರಲ್ಲಿ ಮುಗಿಸಿದರು ಮೇಸ್ತ್ರಿ. ಅವರ ಜಾಣತನ ನೋಡಿ ಮೆಚ್ಚಿಕೊಂಡೆ. ಆರು ತಿಂಗಳಾದ ಮೇಲೆ ಗೊತ್ತಾಯಿತು, ಮೆಚ್ಚಬಾರದಿತ್ತು ಅಂತ.

ಹತ್ತು ಅಡಿಯ ಬೋರ್ಡೂ ಸಿಗುತ್ತೆ. ಅದನ್ನು ಹಾಕಿದ್ದರೆ ಅಡ್ಡ ಜೋಡಣೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಲಿಫ್ಟಿನೊಳಗೆ ಅದು ನಿಲ್ಲುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ಮುರಿದರೆ ಯಾರ ಲೆಕ್ಕಕ್ಕೆ ಅನ್ನುವ ಮಾತು ಬಂತು. ಸುಮ್ನೆ ಆರು ಅಡಿಯದನ್ನೇ ತರಿಸಿದೆ. ನೀವು ಅಳತೆ ಹಿಡಿಯುವಾಗ ಮೊದಲು ಲಿಫ್ಟು ಅಳೆಯಿರಿ, ಆಮೇಲೆ ಹಾಲ್.

ಬೋರ್ಡಿನ ಉದ್ದನೆಯ ಅಂಚು ಸ್ವಲ್ಪ ತಗ್ಗಾಗಿರುತ್ತೆ. ಟೇಪು, ಸಂದಿ ಮುಚ್ಚುವ ಜಾಯಿಂಟಿಂಗ್ ಕಾಂಪೌಂಡು ಅಲ್ಲಿ ಕೂತು ಮಟ್ಟವಾಗುತ್ತೆ. ಕಡಿದ ಅಂಚಿಗೆ ಆ ತಗ್ಗು ಇಲ್ಲ. ಹಾಗಾಗಿ ಆರಡಿ ಎತ್ತರದಲ್ಲಿ ಗೋಡೆ ಉದ್ದಕ್ಕೂ ಒಂದು ಸಣ್ಣ ಉಬ್ಬು. ಬೆಳಗ್ಗೆ ಕಾಣುವುದಿಲ್ಲ. ಸಂಜೆ ಬಾಲ್ಕನಿಯಿಂದ ಓರೆ ಬಿಸಿಲು ಬಿದ್ದಾಗ ಹೊಟ್ಟೆಯ ಮೇಲಿನ ಆಪರೇಷನ್ ಗುರುತಿನ ಹಾಗೆ ಎದ್ದು ಕಾಣುತ್ತೆ. ಅದಕ್ಕೆ ಹೊಂದಿಕೊಂಡೆ.

ಹೊಂದಿಕೊಳ್ಳಲು ಆಗದೇ ಇದ್ದದ್ದು ಬಾಗಿಲ ಮೂಲೆಯ ಬಿರುಕು. ಜುಲೈ ಮಳೆಯಲ್ಲಿ ಕೆಲಸ ನಡೆದದ್ದು. ಕಾಂಪೌಂಡು ಮೂರು ಕೋಟು, ಒಂದೊಂದೂ ಪೂರ್ತಿ ಒಣಗಬೇಕು. ಆ ಥಂಡಿಯಲ್ಲಿ ಎಲ್ಲಿ ಒಣಗುತ್ತೆ? ಬೆಳಗ್ಗೆ ಒಂದು, ಸಂಜೆ ಒಂದು ಎಳೆದು ಹೋದರು. ಜನವರಿಯಲ್ಲಿ ಕೂದಲೆಳೆಯಷ್ಟು ಗೆರೆ ಬಂತು. ಮಾರ್ಚ್‌ಗೆ ಬೆರಳುಗುರು ತೂರುವಷ್ಟಾಯಿತು. ಫೋನ್ ಮಾಡಿದೆ. "ಬರ್ತೀವಿ ಮೇಡಂ" ಅಂದರು. ಇವತ್ತಿಗೂ ಬರುತ್ತಲೇ ಇದ್ದಾರೆ.

ಬೇರೆ ಒಬ್ಬರು ಬಂದು ನೋಡಿ ಕಾರಣ ಹೇಳಿದರು. ಬಾಗಿಲು ದಿನಕ್ಕೆ ಇಪ್ಪತ್ತು ಸಲ ಹಾಕಿ ತೆಗೆಯುವ ಜಾಗ. ಬೋರ್ಡಿನ ಜೋಡಣೆ ಸರಿಯಾಗಿ ಚೌಕಟ್ಟಿನ ಮೂಲೆಗೇ ಬಂದರೆ ಬಿರುಕು ಬಿಟ್ಟೇ ಬಿಡುತ್ತೆ. ಅಲ್ಲಿ ಇಡೀ ಬೋರ್ಡನ್ನು ಎಲ್ ಆಕಾರಕ್ಕೆ ಕಡಿದು, ಬಾಗಿಲಿನ ಮೇಲೆ ಹಾಯುವಂತೆ ಕೂರಿಸಬೇಕು. ಅದಕ್ಕೆ ಒಂದೆರಡು ಬೋರ್ಡ್ ಹೆಚ್ಚು ಬೇಕು. ಅಂದರೆ ಎಂಟೇ ಬೋರ್ಡಿನಲ್ಲಿ ಮುಗಿಸಿದರು ಅಂತ ನಾನು ಮೆಚ್ಚಿದ ಆ ಉಳಿತಾಯ ಸಾವಿರ ರೂಪಾಯಿಯ ಆಸುಪಾಸು. ಬಿರುಕಿಗೆ ಕಳೆದ ನಿದ್ದೆ ಬೇರೆ.

ಎರಡನೇ ಬೇಸಿಗೆಯಲ್ಲಿ ನಾನೇ ಕೂತು ಕೆರೆದೆ. ಜಾಲರಿ ಟೇಪು ಕಿತ್ತು ಪೇಪರ್ ಟೇಪು ಹಚ್ಚಿದೆ. ಮೂರು ಕೋಟು, ನಡುವೆ ಒಂದೊಂದು ದಿನ. ಮರಳು ಕಾಗದ ತಿಕ್ಕಿದಾಗ ಇಡೀ ಮನೆಗೆ ಹಿಟ್ಟಿನ ಗಿರಣಿಯ ಕಳೆ ಬಂತು. ಇಲ್ಲಿಯವರೆಗೆ ಮತ್ತೆ ಬಿರುಕು ಬಿಟ್ಟಿಲ್ಲ.

ಇಷ್ಟೆಲ್ಲ ಬೈದೆ. ಈಗ ಇನ್ನೊಂದು ಕಡೆ.

ಮಾವ ಬಂದ ದಿನ ಗೋಡೆಗೆ ಬೆರಳಿನ ಗೆಣ್ಣಿನಿಂದ ತಟ್ಟಿದರು. ಟೊಳ್ಳು ಸದ್ದು. "ಏನಮ್ಮಾ ಇದು, ಗೋಡೆನಾ ಡಬ್ಬನಾ?" ಅಂದರು. ತಿಪಟೂರಿನ ಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ, ಇದು ಮೂರೇ ಇಂಚು. ಆದರೆ ಮಾರನೇ ಬೆಳಗ್ಗೆ ಆರಕ್ಕೆ ನಾನು ಚಟ್ನಿಗೆ ಮಿಕ್ಸಿ ಹಾಕಿದೆ, ಅವರು ಏಳಲಿಲ್ಲ. ಗ್ಲಾಸ್‌ವೂಲ್‌ಗೆ ಕೊಟ್ಟ 2,625 ರೂಪಾಯಿ ನಾನು ಈ ಮನೆಗೆ ಮಾಡಿದ ಅತಿ ಒಳ್ಳೆಯ ಖರ್ಚು. ಬಾಗಿಲಿನ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದ ಮೇಲೆ ಅವರ ಕೆಮ್ಮು ನಮಗಿಲ್ಲ, ನಮ್ಮ ಟೀವಿ ಅವರಿಗಿಲ್ಲ.

ಅತ್ತೆಯ ಫೋಟೋ ಹಾಕುವುದು ಮಾತ್ರ ದೊಡ್ಡ ಪ್ರಸಂಗವಾಯಿತು. ಗಾಜು, ಮರದ ಕಟ್ಟು, ಭಾರವಾದ ಫೋಟೋ. ಇಟ್ಟಿಗೆ ಗೋಡೆಗೆ ಹಾಕುವ ಪ್ಲಗ್ ಇಲ್ಲಿ ತಿರುಗಿಕೊಂಡು ಕೈಗೇ ಬಂತು. ಬೋರ್ಡ್ ಮುಚ್ಚುವ ಮೊದಲು ಆ ಜಾಗದಲ್ಲಿ ಹಿಂದಿನಿಂದ ಒಂದು ತುಂಡು ಪ್ಲೈವುಡ್ ಕೊಡಿಸಿದ್ದರೆ ಎಲ್ಲಿ ಬೇಕಾದರೂ ಸ್ಕ್ರೂ ಹೊಡೆಯಬಹುದಿತ್ತು. ಕೊಟೇಷನ್‌ನಲ್ಲಿ ನೀವೇ ಬರೆಸಬೇಕಾದ ಸಾಲು ಇದು. ಶೆಲ್ಫು, ಟೀವಿ, ಫೋಟೋ ಎಲ್ಲೆಲ್ಲಿ ಅಂತ ಮೊದಲೇ ಗುರುತು ಹಾಕಿ ಕೊಡಿ. ಬರೆಸದವರಿಗೆ ಉಳಿಯುವ ದಾರಿ ಒಳಗಿನ ಕಂಬಿ ಹುಡುಕುವುದು.

ಆ ಕಂಬಿಗಳು ಎರಡೆರಡು ಅಡಿಗೆ ಒಂದೊಂದಿವೆ. ಹುಡುಕಲು ನಮ್ಮ ಮನೆಯಲ್ಲಿ ಇರುವ ಯಂತ್ರ ಮೈಸೂರು ಝೂನಲ್ಲಿ ಮಗಳು ಕೊಂಡ ಜಿರಾಫೆ ಆಯಸ್ಕಾಂತ. ಫ್ರಿಜ್‌ನಿಂದ ತೆಗೆದು ಗೋಡೆ ಮೇಲೆ ನಿಧಾನವಾಗಿ ಆಡಿಸಬೇಕು. ಬಣ್ಣದ ಕೆಳಗೆ ಸ್ಕ್ರೂ ತಲೆ ಬಂದ ಕೂಡಲೇ ಕೈಯಲ್ಲಿ ಒಂದು ಸಣ್ಣ ಎಳೆತ. ಅದೇ ನೇರಕ್ಕೆ ಮೇಲೆ, ಕೆಳಗೆ ಇನ್ನೊಂದು ಸಿಕ್ಕರೆ ಅಲ್ಲಿ ಕಂಬಿ ಇದೆ ಅಂತ ಲೆಕ್ಕ. ಅತ್ತೆಯ ಫೋಟೋ ನಾವು ಅಂದುಕೊಂಡ ಜಾಗಕ್ಕಿಂತ ಒಂಬತ್ತು ಇಂಚು ಎಡಕ್ಕೆ ಕೂತಿತು. ಮಂಚದಿಂದ ನೇರ ಕಾಣುತ್ತೆ ಅಂತ ಮಾವನಿಗೆ ಅದೇ ಹಿಡಿಸಿತು.

ನೆಲ ಒರೆಸುವ ನೀರು ಒಂದು ಕಡೆ ಬೋರ್ಡಿನ ಬುಡಕ್ಕೆ ಹತ್ತಿ ಊದಿಸಿದೆ. ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಪಟ್ಟಿ) ಹಾಕಿಸಿರಲಿಲ್ಲ, ಅದೂ ಕೊಟೇಷನ್‌ನಲ್ಲಿ ಇರಲಿಲ್ಲ. ಈ ಬೇಸಿಗೆಗೆ ಆ ಕೆಲಸ ಇದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮೇಲಿನ ಮನೆಯವರು ಇಂಥದ್ದೇ ಗೋಡೆ ಮಾಡಿಸಬೇಕು, ಎಷ್ಟಾಗುತ್ತೆ ಅಂತ ಕೇಳಿದರು. ಚದರಡಿ ರೇಟು ಹೇಳಲಿಲ್ಲ. ಲೆಕ್ಕದ ಪುಸ್ತಕದ ಆ ಹಾಳೆಯ ಫೋಟೋ ತೆಗೆದು ಕಳಿಸಿದೆ.

ಈ ಜನವರಿಯಲ್ಲಿ ಹೊಸ ಕ್ಯಾಲೆಂಡರ್ ಬಂದಾಗ ಮಾವ ಯಾರನ್ನೂ ಕರೆಯಲಿಲ್ಲ. ನಾನು ನೀರು ತೆಗೆಯಲು ಹೋದರೆ ಫ್ರಿಜ್ ಮೇಲೆ ಜಿರಾಫೆ ಇರಲಿಲ್ಲ.