ಜೆಆರ್‌ಎನ್‌ಎಲ್: ಟರ್ಮಿನಲ್ ದಿನಚರಿಯಿಂದ ಕನ್ನಡದಲ್ಲೂ ಪೂರ್ತಿ ಕೆಲಸ ತೆಗೆಯುವುದು

ನನ್ನ ಕೆಲಸ ಸರ್ವರ್‌ಗಳನ್ನು ನೋಡಿಕೊಳ್ಳುವುದು. ಶಿರಸಿ ಹತ್ತಿರದ ಮನೆಯಿಂದಲೇ ಮಾಡುತ್ತೇನೆ, ಹಾಗಾಗಿ ಅಡಿಕೆ ತೋಟದ ಲೆಕ್ಕ ಬರೆಯುವವಳೂ ನಾನೇ. ದಿನವಿಡೀ ಟರ್ಮಿನಲ್ (ಆದೇಶಗಳನ್ನು ಟೈಪಿಸಿ ಕಂಪ್ಯೂಟರ್ ನಡೆಸುವ ಕಿಟಕಿ) ತೆರೆದಿರುತ್ತದೆ. ಅಲ್ಲೇ ಒಂದು ಸಾಲು ಬರೆದು ಮುಂದೆ ಹೋಗುವಂತಿದ್ದರೆ ಬರೆಯುವ ಅಭ್ಯಾಸ ತಪ್ಪುವುದಿಲ್ಲ. ಜೆಆರ್‌ಎನ್‌ಎಲ್ (jrnl) ಎಂಬ ದಿನಚರಿ ಪ್ರೋಗ್ರಾಂ ನನಗೆ ಇಷ್ಟವಾದದ್ದು ಇದಕ್ಕೇ.

ಇದು ಮಾನುವೆಲ್ ಎಬರ್ಟ್ 2012ರಲ್ಲಿ ಶುರು ಮಾಡಿದ ಪೈಥಾನ್ ಪ್ರೋಗ್ರಾಂ. ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ ಮುಕ್ತ. ಬರೆದದ್ದೆಲ್ಲ ಸಾದಾ ಟೆಕ್ಸ್ಟ್ ಫೈಲಿನಲ್ಲಿ ಕೂರುತ್ತದೆ. ನಾಳೆ ಈ ಪ್ರೋಗ್ರಾಂ ಇಲ್ಲದಿದ್ದರೂ ಫೈಲ್ ಓದಲು ಬರುತ್ತದೆ. ಮೊದಲ ವಾಕ್ಯ ತಲೆಬರಹ, ಉಳಿದದ್ದು ವಿವರ. ಅಷ್ಟೇ ನಿಯಮ.

ತುಂಬಾ ಜನ ಇದರಲ್ಲಿ ಬರೆಯುತ್ತಾರೆ, ತಿರುಗಿ ಹುಡುಕುವುದಿಲ್ಲ. ಇದರ ನಿಜವಾದ ಬಲ ಇರುವುದು ಹುಡುಕುವುದರಲ್ಲಿ. ಕೊಳೆ ರೋಗ ಬರದಂತೆ ಮಳೆ ಹಿಡಿಯುವ ಮೊದಲೊಮ್ಮೆ ಅಡಿಕೆಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮದ್ದು) ಹೊಡೆಸುತ್ತೇವೆ. ಅದಾಗಿ 40-45 ದಿನಕ್ಕೆ ಇನ್ನೊಂದು ಸಲ. ಹೋದ ವರ್ಷ ಎರಡನೇ ಸಲ ಹೊಡೆಸಿದ್ದು ಯಾವಾಗ ಎಂದು ಅಪ್ಪ ಕೇಳಿದರೆ, ಕಂಟೇನ್ಸ್ ಎಂಬ ಆಯ್ಕೆಯ ಮುಂದೆ 'ಬೋರ್ಡೋ' ಎಂದು ಕೊಡುತ್ತೇನೆ. ತಾರೀಖಿನ ಸಮೇತ ಎಲ್ಲ ಸಾಲುಗಳೂ ಬರುತ್ತವೆ. ಇದು ಅಕ್ಷರಗಳನ್ನು ಮಾತ್ರ ಹೋಲಿಸುವುದರಿಂದ 'ಮಳೆ' ಎಂದರೆ 'ಮಳೆಗೆ', 'ಮಳೆಯಲ್ಲಿ' ಕೂಡ ಸಿಗುತ್ತವೆ. ಕನ್ನಡಕ್ಕೆ ಇದಕ್ಕಿಂತ ಅನುಕೂಲ ಬೇಕಾ? ಹಿಂದಿನ ವರ್ಷಗಳಲ್ಲಿ ಇದೇ ದಿನ ಬರೆದದ್ದನ್ನು ಒಟ್ಟಿಗೆ ತೋರಿಸುವ 'ಟುಡೇ ಇನ್ ಹಿಸ್ಟರಿ' ಆಯ್ಕೆಯೂ ಇದೆ. ಬೆಳಗ್ಗೆ ಕೆಲಸ ಶುರು ಮಾಡುವ ಮೊದಲು ಅದನ್ನು ನೋಡುತ್ತೇನೆ. ಅಡಿಕೆಗೊನೆ ಕೊಯ್ಲಿಗೆ ಆಳು ಹೇಳಬೇಕಾದ ಹೊತ್ತು ಬಂತಾ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಟ್ಯಾಗ್ ವಿಷಯಕ್ಕೆ ಬಂದರೆ ಕನ್ನಡಿಗರು ಎಚ್ಚರ ವಹಿಸಬೇಕು. @ ಹಾಕಿ ಪದ ಬರೆದರೆ ಅದು ಟ್ಯಾಗ್. ಆದರೆ ಪದ ಎಲ್ಲಿ ಮುಗಿಯಿತು ಎಂದು ತಿಳಿಯಲು ಇದು ಬಳಸುವ ಪೈಥಾನ್ ನಿಯಮ ನಮ್ಮ ಕೊಂಬು, ಗುಡಿಸು, ಒತ್ತುಗಳನ್ನು ಅಕ್ಷರ ಎಂದು ಎಣಿಸುವುದಿಲ್ಲ. @ಮದ್ದು ಎಂದು ಬರೆದರೆ ಟ್ಯಾಗ್ @ಮದ ಆಗುತ್ತದೆ. @ಮದುವೆ ಕೂಡ @ಮದ! ಆದ್ದರಿಂದ ಬರಹ ಕನ್ನಡದಲ್ಲೇ ಇರಲಿ, ಟ್ಯಾಗ್ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಇಡಿ. ಎರಡು ಟ್ಯಾಗ್ ಕೊಟ್ಟು ಹುಡುಕಿದರೆ ಯಾವುದಾದರೂ ಒಂದು ಇರುವ ಬರಹಗಳೆಲ್ಲ ಬರುತ್ತವೆ. ಎರಡೂ ಇರುವುದೇ ಬೇಕೆಂದರೆ 'ಆ್ಯಂಡ್' ಆಯ್ಕೆ ಸೇರಿಸಬೇಕು. ತಾರೀಖೂ ಇಂಗ್ಲಿಷ್‌ನಲ್ಲೇ ಬೇಕು. 'ಯೆಸ್ಟರ್‌ಡೇ' ಎಂದು ಇಂಗ್ಲಿಷ್‌ನಲ್ಲಿ ಬರೆದು ಕೋಲನ್ ಹಾಕಿದರೆ ಹಿಂದಿನ ದಿನಕ್ಕೆ ಸೇರುತ್ತದೆ. 'ನಿನ್ನೆ' ಎಂದರೆ ಇವತ್ತಿಗೇ.

ಇನ್ನೊಂದು ತೊಡಕು, ಹಲವು ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತವೆ. ಫೈಲಿನಲ್ಲಿ ಸರಿಯಾಗೇ ಇರುತ್ತವೆ, ಕಾಣುವುದು ಮಾತ್ರ ಹಾಗೆ. ಸೆಟ್ಟಿಂಗ್ಸ್ ಫೈಲಿನಲ್ಲಿ ಎಡಿಟರ್ ಜಾಗದಲ್ಲಿ ಜಿಎಡಿಟ್ ಅಥವಾ ಕೇಟ್‌ನಂಥ, ಬೇರೆ ಕಿಟಕಿಯಲ್ಲಿ ತೆರೆಯುವ ಎಡಿಟರ್‌ನ ಹೆಸರು ಕೊಡಿ. ಬರೆದು ಮುಚ್ಚುವವರೆಗೂ ಕಾಯುವ ಆಯ್ಕೆಯನ್ನು ಜೊತೆಗೆ ಹಾಕಲೇಬೇಕು. ಆಮೇಲೆ ಬರೀ ಜೆಆರ್‌ಎನ್‌ಎಲ್ ಎಂದು ಟೈಪಿಸಿದರೆ ಆ ಎಡಿಟರ್ ತೆರೆಯುತ್ತದೆ. ಇದರಿಂದ ಇನ್ನೆರಡು ಲಾಭ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆಗಳನ್ನು ಶೆಲ್ (ಟರ್ಮಿನಲ್‌ನಲ್ಲಿ ನಿಮ್ಮ ಆದೇಶ ಓದಿ ನಡೆಸುವ ಪ್ರೋಗ್ರಾಂ) ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುವ ತೊಂದರೆ ಇಲ್ಲ. ನೀವು ಬರೆದದ್ದು ಶೆಲ್ ಹಿಸ್ಟರಿಯಲ್ಲಿ, ಅಂದರೆ ಟೈಪಿಸಿದ ಆದೇಶಗಳ ದಾಖಲೆಯಲ್ಲಿ, ಉಳಿಯುವುದೂ ಇಲ್ಲ. ಗೂಢಲಿಪಿ ಹಾಕಿ ದಿನಚರಿ ಭದ್ರ ಮಾಡಿದವರು ಈ ಕೊನೆಯದನ್ನು ಮರೆಯುತ್ತಾರೆ: ನೇರ ಟರ್ಮಿನಲ್‌ನಲ್ಲೇ ಬರೆದರೆ, ಒಳಗೆ ಬೀಗ ಹಾಕಿದ ಮಾತೇ ಹೊರಗೆ ಹಿಸ್ಟರಿ ಫೈಲಿನಲ್ಲಿ ಬಿದ್ದಿರುತ್ತದೆ.

ಹುಡುಕುವ ಆದೇಶದ ಕೊನೆಗೆ ಎಡಿಟ್ ಆಯ್ಕೆ ಸೇರಿಸಿದರೆ ಸಿಕ್ಕಿದ ಬರಹಗಳಷ್ಟೇ ಎಡಿಟರ್‌ನಲ್ಲಿ ತೆರೆಯುತ್ತವೆ. ಒಂದು ಸರ್ವರ್‌ನ ಹೆಸರು ಬದಲಾದಾಗ ಹಳೆಯ ಟಿಪ್ಪಣಿಗಳನ್ನೆಲ್ಲ ಹೀಗೆ ಒಟ್ಟಿಗೆ ತಿದ್ದಿದೆ. ಅಲ್ಲಿ ಅಳಿಸಿದರೆ ದಿನಚರಿಯಿಂದಲೇ ಅಳಿಯುತ್ತದೆ, ಗಮನವಿರಲಿ.

ಕೆಲಸಕ್ಕೊಂದು, ತೋಟಕ್ಕೊಂದು ಎಂದು ಎರಡು ದಿನಚರಿ ಮಾಡಿಕೊಂಡಿದ್ದೇನೆ. ಪಾಸ್‌ವರ್ಡ್ ಇರುವುದು ಕೆಲಸದ್ದಕ್ಕೆ ಮಾತ್ರ. ಪಾಸ್‌ವರ್ಡ್ ಕಳೆದರೆ ತೆರೆಯಲು ಬೇರೆ ದಾರಿಯೇ ಇಲ್ಲ. ತೋಟದ್ದನ್ನು ಮನೆಯವರು ಯಾರು ಬೇಕಾದರೂ ಓದುವ ಹಾಗಿರಬೇಕು, ಅಲ್ವಾ? ವರ್ಷದ್ದನ್ನು ಟೆಕ್ಸ್ಟ್ ಆಗಿ ತೆಗೆದು ಅಪ್ಪನಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ ಕೊಡುತ್ತೇನೆ.

ಫೋಟೋ ಜಾಸ್ತಿ ಇಡುವವರಿಗೆ, ಫೋನಿನಲ್ಲೇ ಬರೆಯುವವರಿಗೆ ಇದು ಆಗಿಬರುವುದಿಲ್ಲ. ಟರ್ಮಿನಲ್ ಮುಂದೆ ಕೂರುವವರು ಪಿಪ್‌ಎಕ್ಸ್ (ಪೈಥಾನ್ ಪ್ರೋಗ್ರಾಂಗಳನ್ನು ಹಾಕಿಕೊಡುವ ಸಾಧನ) ಮೂಲಕ ಹಾಕಿಕೊಳ್ಳಿ, ಮೊದಲ ದಿನವೇ ಎಡಿಟರ್ ಹೊಂದಿಸಿಕೊಳ್ಳಿ.