ಗಾಂಧಿ ಚೌಕದ ಝೆರಾಕ್ಸ್ ಅಂಗಡಿಯಲ್ಲಿ ಹೊಲಿಸಿದ ಆರು ಪುಸ್ತಕ

ವಿಜಯಪುರದ ಗಾಂಧಿ ಚೌಕದಿಂದ ಸ್ವಲ್ಪ ಒಳಗೆ, ಗಲ್ಲಿಯಲ್ಲಿದೆ ಈ ಅಂಗಡಿ. ಮುಂದೆ ಎರಡು ಝೆರಾಕ್ಸ್ ಮಷಿನ್. ಹಿಂದೆ ಚಾಪೆ ಹಾಸಿಕೊಂಡು ಬೈಂಡಿಂಗ್ ಮಾಡುವ ಕಾಕಾ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನವೆಂಬರ್ 26ರ ಸಂವಿಧಾನ ದಿನಕ್ಕೆ ಪೀಠಿಕೆ ಓದಿಸಿ ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಸಂವಿಧಾನವನ್ನು ಒಪ್ಪಿಕೊಳ್ಳುವ ಮೊದಲು ಎಷ್ಟು ವಾದ ನಡೆಯಿತು ಅಂತ ಮಕ್ಕಳಿಗೆ ಗೊತ್ತಾಗಬೇಕಲ್ವಾ? ಕರಡಿಗೆ ಮಂಡಿಸಿದ ತಿದ್ದುಪಡಿಗಳೇ 2,473! ಹಾಗಾಗಿ ಸಂವಿಧಾನ ಸಭೆಯ ಚರ್ಚೆಯಿಂದ ಒಂದಷ್ಟು ಭಾಗ ಆರಿಸಿದೆ. ಕನ್ನಡದಲ್ಲಿ ಸಾರಾಂಶ ಬರೆದು ಸೇರಿಸಿದೆ. 180 ಪುಟ ಆಯಿತು. ಆರು ಪ್ರತಿ ಮಾಡಿಸಲು ಇಲ್ಲಿಗೆ ಕೊಟ್ಟೆ.

ಮೊದಲ ಪ್ರತಿ ಕೆಟ್ಟಿತು. ಎಡಗಡೆ ಜಾಗ ಬಿಡದೆ ಪ್ರಿಂಟ್ ತೆಗೆದಿದ್ದರು. ಸಾಲಿನ ಮೊದಲ ಅಕ್ಷರಗಳು ಹೊಲಿಗೆಯೊಳಗೆ ಹೋಗಿದ್ದವು. ಒಂದು ಕಡೆ '41' ಇರಬೇಕಾದಲ್ಲಿ ಬರೀ '1' ಕಾಣುತ್ತಿತ್ತು. ನನಗೆ ನಿಜಕ್ಕೂ ಸಿಟ್ಟು ಬಂತು, ಯಾಕೆಂದರೆ ಆ ಪುಟವೇ ನನಗೆ ಮುಖ್ಯ. 1949ರ ಅಕ್ಟೋಬರ್ 17ರಂದು ಸಭೆಯ ಸದಸ್ಯ ಎಚ್. ವಿ. ಕಾಮತ್ ಅವರು ಪೀಠಿಕೆ 'ದೇವರ ಹೆಸರಿನಲ್ಲಿ' ಎಂದು ಶುರುವಾಗಲಿ ಅಂದರು. ಮತಕ್ಕೆ ಹಾಕಿದರು. ಪರವಾಗಿ 41, ವಿರುದ್ಧ 68. ದೇವರ ಹೆಸರನ್ನೂ ಕೈ ಎಣಿಸಿ ತೀರ್ಮಾನಿಸಿದ ಸಭೆ ಅದು. ಆ ಸಂಖ್ಯೆ ಅಳಿಸಿದರೆ ಮಕ್ಕಳಿಗೆ ಏನು ಹೇಳಲಿ?

ಕಾಕಾ ಪುಸ್ತಕ ಕೈಗೆ ತಗೊಂಡು ನೋಡಿದರು. ಒಂದು ಮಾತೂ ವಾದ ಮಾಡಲಿಲ್ಲ. "ತಪ್ಪ ನಮ್ದರಿ ಮೇಡಂ, ಬಿಚ್ಚಿ ಹೊಸಾದು ಹೊಲಿತೀನಿ" ಅಂದರು. ಎಲ್ಲಾ ಪುಟಗಳನ್ನೂ ಮತ್ತೆ ಪ್ರಿಂಟ್ ತೆಗೆಸಿದರು, ದುಡ್ಡು ಜಾಸ್ತಿ ಕೇಳಲಿಲ್ಲ. ಹಾಳೆಗಳನ್ನು ನೆಲಕ್ಕೆ ಬಡಿದು ಸರಿಮಾಡಿ, ದಬ್ಬಣದಿಂದ ತೂತು ಹಾಕಿ, ದಾರಕ್ಕೆ ಮೇಣ ತಿಕ್ಕಿ ಹೊಲಿದರು. ಆಮೇಲೆ ರಟ್ಟು, ನೀಲಿ ಬಟ್ಟೆಯ ಬೆನ್ನು.

ಹೊಲಿಯುತ್ತಲೇ ಕೇಳಿದರು: "ಇಷ್ಟೆಲ್ಲಾ ಮಾತಾಡಿದ್ರು, ಖರೆ. ಮಂದಿನ್ನ ಕೇಳಿದ್ರೇನ್ರಿ?"

ಇದೇ ಪ್ರಶ್ನೆಯನ್ನು ಆ ಸಭೆಯ ಒಳಗೇ ಕೇಳಿದವರಿದ್ದಾರೆ. 1948ರ ನವೆಂಬರ್‌ನಲ್ಲಿ ಕರಡಿನ ಮೇಲೆ ಮಾತಾಡುತ್ತಾ ದಾಕ್ಷಾಯಣಿ ವೇಲಾಯುಧನ್ ಅವರು, ಸಾರ್ವತ್ರಿಕ ಚುನಾವಣೆಯ ಮೂಲಕ ಜನರ ಒಪ್ಪಿಗೆ ಪಡೆಯಬೇಕು ಅಂದಿದ್ದರು. ಸಭೆಯಲ್ಲಿದ್ದ ಒಬ್ಬರೇ ದಲಿತ ಮಹಿಳೆ ಅವರು. ಹಾಗೆ ಆಗಲಿಲ್ಲ, ಸಭೆಯೇ ಅಂಗೀಕರಿಸಿತು. ನಾನು ಆ ಪುಟ ತೆಗೆದು ಕಾಕಾಗೆ ಓದಿ ಹೇಳಿದೆ. ಸೂಜಿ ನಿಲ್ಲಿಸಿ ಕೇಳಿದರು. "ಅಕಿ ಕೇಳಿದ್ದು ಬರೋಬ್ಬರಿ ಐತಿ ನೋಡ್ರಿ" ಅಂದರು. ನನಗೂ ಹಾಗೇ ಅನಿಸುತ್ತದೆ.

ನಮ್ಮ ಕೆ. ಹನುಮಂತಯ್ಯನವರ ಮಾತೂ ಈ ಪುಸ್ತಕದಲ್ಲಿದೆ. ಸಂವಿಧಾನದಲ್ಲಿ ವೀಣೆ, ಸಿತಾರಿನ ನಾದ ಬೇಕಿತ್ತು, ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡ್ ಅಂತ ಸಭೆಯಲ್ಲೇ ಹೇಳಿದ್ದರು. ನಮ್ಮ ಕ್ಲಾಸಿನ ಹುಡುಗನೊಬ್ಬ ಈ ಭಾಗ ಓದಲು ತನಗೇ ಬೇಕು ಅಂತ ಹಟ ಹಿಡಿದಿದ್ದಾನೆ. ದಾಕ್ಷಾಯಣಿಯವರ ಭಾಗಕ್ಕೆ ಮೂವರು ಹುಡುಗಿಯರು ಹೆಸರು ಕೊಟ್ಟಿದ್ದಾರೆ.

ಎರಡು ವಾರದಿಂದ ಆರೂ ಪ್ರತಿ ಕೈಯಿಂದ ಕೈಗೆ ಓಡಾಡುತ್ತಿವೆ. ಒಂದು ಹಾಳೆಯೂ ಸಡಿಲಾಗಿಲ್ಲ. ಸ್ಪೈರಲ್ ಹಾಕಿಸಿದ್ದರೆ ಇಷ್ಟು ಹೊತ್ತಿಗೆ ಮುಖಪುಟ ಹರಿದಿರುತ್ತಿತ್ತು.

ಹೋಗುವವರು ಎಡಗಡೆ ಒಂದು ಇಂಚು ಜಾಗ ಬಿಡಲು ಮೊದಲೇ ಹೇಳಿ. ಒಂದು ಪ್ರತಿ ನೋಡಿ ಉಳಿದದ್ದಕ್ಕೆ ಒಪ್ಪಿಗೆ ಕೊಡಿ. ಹೊಲಿಗೆ ಬೈಂಡಿಂಗ್‌ಗೆ ಮೂರು ದಿನ ಬೇಕು. ಕಾಕಾ ಸಂಜೆ ನಾಲ್ಕರ ಮೇಲೆ ಸಿಗುತ್ತಾರೆ.